ಈ ಮಾರ್ಚ್ ತಿಂಗಳಲ್ಲ: ಒಬ್ಬ ವಿದ್ವಾಂಸರ ಉಲ್ಲೇಖ ಎಣಿಸಲು ಕೂತ ನಾಲ್ಕು ಶನಿವಾರ

ಅಕ್ಕನ ಮಗಳು ಮ್ಯಾನೇಜ್‌ಮೆಂಟ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಒಂದು ಶುಕ್ರವಾರ ರಾತ್ರಿ ಫೋನ್ ಬಂತು. "ಮಾಮ, ಜೇಮ್ಸ್ ಮಾರ್ಚ್ ಅವರಿಗೆ ಎಷ್ಟು ಸೈಟೇಶನ್ ಇದೆ, ಯಾರ್ಯಾರ ಜೊತೆ ಸೇರಿ ಬರೆದಿದ್ದಾರೆ, ಒಂದು ಚಿತ್ರ ಬೇಕು. ನೀವು ಲೈಬ್ರರಿಯಲ್ಲೇ ಇರ್ತೀರಲ್ಲ, ಒಂದು ಗಂಟೆ ಕೆಲಸ."

ಸೈಟೇಶನ್ ಅಂದರೆ ಉಲ್ಲೇಖ, ಬೇರೆಯವರು ತಮ್ಮ ಬರಹದಲ್ಲಿ ಒಬ್ಬರ ಕೃತಿಯನ್ನು ಹೆಸರಿಸಿದ ಲೆಕ್ಕ. ಒಂದು ಗಂಟೆ ಸಾಕು ಅಂತ ನಾನೂ ಅಂದುಕೊಂಡೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹೊತ್ತಿಗೆ ನಮ್ಮ ಮೇಷ್ಟ್ರುಗಳ ಎಚ್-ಇಂಡೆಕ್ಸ್, ಅಂದರೆ ಪೇಪರ್ ಮತ್ತು ಉಲ್ಲೇಖ ಎರಡನ್ನೂ ಸೇರಿಸಿ ಅಳೆಯುವ ಅಂಕಿ, ತೆಗೆದುಕೊಟ್ಟು ಅಭ್ಯಾಸವಿತ್ತು. ಅದೇ ಕೆಲಸ, ಹೆಸರು ಮಾತ್ರ ದೊಡ್ಡದು ಅಲ್ವಾ ಅಂತ. ಒಂದು ಗಂಟೆಯ ಕೆಲಸ ನಾಲ್ಕು ಶನಿವಾರ ತಿಂದಿತು. ಮಾಡಿದ್ದನ್ನೂ ಕೆಡಿಸಿದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನೊಬ್ಬರು ಇದೇ ಗುಂಡಿಗೆ ಬೀಳುವುದು ತಪ್ಪಿದರೆ ಒಳ್ಳೆಯದು.

ಮೊದಲು ಆಸಾಮಿ ಯಾರು ಅಂತ ಹೇಳಿಬಿಡುತ್ತೇನೆ. ಜೇಮ್ಸ್ ಜಿ. ಮಾರ್ಚ್ 1928ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದವರು. 1953ರಿಂದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಟೆಕ್‌ನಲ್ಲಿ ಇದ್ದರು. ಈಗ ಅದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ. 1964ರಲ್ಲಿ ಇರ್ವೈನ್‌ಗೆ, 1970ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಹೋದರು. 2018ರಲ್ಲಿ ತೀರಿಕೊಂಡರು. ಕಂಪನಿ, ಕಚೇರಿ, ವಿಶ್ವವಿದ್ಯಾಲಯಗಳು ನಿಜಕ್ಕೂ ಹೇಗೆ ತೀರ್ಮಾನ ತೆಗೆದುಕೊಳ್ಳುತ್ತವೆ, ಅನುಭವದಿಂದ ಹೇಗೆ ಕಲಿಯುತ್ತವೆ, ಯಾಕೆ ತಪ್ಪಾಗಿಯೂ ಕಲಿಯುತ್ತವೆ ಎಂಬುದು ಅವರ ವಿಷಯ. ಆರ್ಗನೈಸೇಷನ್ ಸ್ಟಡೀಸ್ ಓದುವವರು ಇವರನ್ನು ದಾಟಿ ಹೋಗಲು ಆಗುವುದಿಲ್ಲ.

ಸಲಕರಣೆ ದೊಡ್ಡದೇನಲ್ಲ. ಹಳೆಯ ಲ್ಯಾಪ್‌ಟಾಪ್, ಪೈಥಾನ್, ಅದರಲ್ಲಿ ಟೇಬಲ್ ಕೆಲಸಕ್ಕೆ ಪಾಂಡಾಸ್, ಜಾಲದ ಲೆಕ್ಕಕ್ಕೆ ನೆಟ್‌ವರ್ಕ್‌ಎಕ್ಸ್, ಚಿತ್ರಕ್ಕೆ ಗೆಫಿ. ಎಲ್ಲವೂ ಪುಕ್ಕಟೆ. ಗೂಗಲ್ ಸ್ಕಾಲರ್‌ಗೆ ಎಪಿಐ (ಪ್ರೋಗ್ರಾಂನಿಂದ ನೇರವಾಗಿ ಮಾಹಿತಿ ಕೇಳುವ ದಾರಿ) ಇಲ್ಲ, ಹಾಗಾಗಿ ಅದನ್ನು ಕಣ್ಣಲ್ಲಿ ನೋಡಿ ತಾಳೆ ಹಾಕಲು ಮಾತ್ರ ಇಟ್ಟುಕೊಂಡೆ. ಓಪನ್‌ಅಲೆಕ್ಸ್, ಕ್ರಾಸ್‌ರೆಫ್ ಥರದ, ಪೇಪರ್‌ಗಳ ವಿವರ ಇಟ್ಟಿರುವ ತೆರೆದ ಭಂಡಾರಗಳು ಇರುವುದರಿಂದ ಇವತ್ತು ಮನೆಯಲ್ಲಿ ಕೂತು ಇದನ್ನೆಲ್ಲ ಮಾಡಬಹುದು. ಮುಂದೆ ಬರುವ ಎಡವಟ್ಟುಗಳಲ್ಲಿ ಯಾವುದು ಎಲ್ಲಿ ಸಿಕ್ಕಿತು ಅಂತ ಹೆಸರಿಟ್ಟು ಹೇಳುವುದಿಲ್ಲ. ಇವು ಈ ಜಾತಿಯ ಎಲ್ಲ ಭಂಡಾರಕ್ಕೂ ಇರುವ ಕಾಯಿಲೆಗಳು. ಅರ್ಧಕ್ಕರ್ಧ ತಪ್ಪು ನನ್ನದೇ.

ಮೊದಲ ಶನಿವಾರ

ಹೆಸರು ಕೊಟ್ಟು ಹುಡುಕಿದೆ. 25 ಸಾಲು ಬಂತು. ಇಷ್ಟು ದೊಡ್ಡ ಮನುಷ್ಯ ಬರೀ 25 ಬರೆದರಾ ಅಂತ ಒಂದು ಕ್ಷಣ ನಂಬಿಯೂ ಬಿಟ್ಟೆ! ಆಮೇಲೆ ಗೊತ್ತಾಯಿತು, ಅದು ಒಂದು ಪುಟದ ಮಿತಿ. ಮುಂದಿನ ಪುಟ ಬೇಕಾದರೆ ಕರ್ಸರ್ (ಎಲ್ಲಿಗೆ ನಿಂತಿತ್ತು ಅನ್ನುವ ಗುರುತು) ಕೊಟ್ಟು ಕೇಳುತ್ತಾ ಹೋಗಬೇಕು. ಲೂಪ್ ಬರೆದೆ. ಪಟ್ಟಿ ಉದ್ದವಾಯಿತು, ಸಂತೋಷವೂ ಆಯಿತು.

ಉಲ್ಲೇಖದ ಸಂಖ್ಯೆಯ ಪ್ರಕಾರ ಜೋಡಿಸಿ ನೋಡಿದರೆ ಮೇಲ್ಗಡೆ ಸಾವಯವ ರಸಾಯನಶಾಸ್ತ್ರದ ಪಠ್ಯಪುಸ್ತಕ ಕೂತಿದೆ.

ಕೆಮಿಸ್ಟ್ರಿ ಎಂಎಸ್ಸಿ ಮಾಡಿದವರು ಇಷ್ಟು ಹೊತ್ತಿಗೆ ನಕ್ಕಿರುತ್ತೀರಿ. ಅದು ಜೆರ್ರಿ ಮಾರ್ಚ್. ಅವರ ‘ಅಡ್ವಾನ್ಸ್ಡ್ ಆರ್ಗ್ಯಾನಿಕ್ ಕೆಮಿಸ್ಟ್ರಿ’ಯ ಮೊದಲ ಮುದ್ರಣ 1968ರದ್ದು. ನಮ್ಮ ಲೈಬ್ರರಿಯಲ್ಲೂ ಅದರ ಪ್ರತಿ ಇದೆ, ರಟ್ಟು ಕಿತ್ತುಹೋಗಿ ಎರಡು ಸಲ ಬೈಂಡ್ ಮಾಡಿಸಿದ್ದೇವೆ. ಅವರೂ ಜೆ. ಮಾರ್ಚ್, ಇವರೂ ಜೆ. ಮಾರ್ಚ್. ನಾನು ‘ಆರ್ಗನ್’ ಎಂದು ಶುರುವಾಗುವ ಶೀರ್ಷಿಕೆಯೆಲ್ಲ ಬರಲಿ ಅಂತ ಜಾಣತನ ಮಾಡಿದ್ದೆ. ಆರ್ಗನೈಸೇಷನ್ ಜೊತೆಗೆ ಆರ್ಗ್ಯಾನಿಕ್ ಕೂಡ ಒಳಗೆ ನುಗ್ಗಿತು.

ಕೆಳಗೆ ಇಳಿದರೆ ಇನ್ನೊಬ್ಬ ಮಾರ್ಚ್. ಸಾಲ್ವಟೋರ್ ಮಾರ್ಚ್, ಮಾಹಿತಿ ವ್ಯವಸ್ಥೆಗಳ ಕ್ಷೇತ್ರದವರು. ಡಿಸೈನ್ ಸೈನ್ಸ್ ಬಗ್ಗೆ 2004ರಲ್ಲಿ ಹೆವ್ನರ್, ಮಾರ್ಚ್, ಪಾರ್ಕ್, ರಾಮ್ ಎಂಬ ನಾಲ್ವರು ಬರೆದ ಹೆಸರಾಂತ ಪೇಪರ್‌ನ ಮಾರ್ಚ್ ಇವರೇ. 1995ರಲ್ಲಿ ಸ್ಮಿತ್ ಎಂಬವರ ಜೊತೆ ಇವರದ್ದು ಇನ್ನೊಂದು ಪೇಪರ್ ಇದೆ: ಮಾರ್ಚ್ ಮತ್ತು ಸ್ಮಿತ್. ರಸಾಯನಶಾಸ್ತ್ರದ ಆ ಪುಸ್ತಕದ ಮುಂದಿನ ಮುದ್ರಣಗಳನ್ನು ಮುಂದುವರಿಸಿದವರ ಹೆಸರೂ ಸ್ಮಿತ್. ಹಾಗಾಗಿ ಸ್ಮಿತ್ ಮತ್ತು ಮಾರ್ಚ್ ಅಂದರೆ ಕೆಮಿಸ್ಟ್ರಿ, ಮಾರ್ಚ್ ಮತ್ತು ಸ್ಮಿತ್ ಅಂದರೆ ಕಂಪ್ಯೂಟರ್. ನನಗೆ ಬೇಕಾದವರು ಎರಡರಲ್ಲೂ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಪೇಪರ್‌ಗಳ ಪಠ್ಯದೊಳಗೆ ‘ಮಾರ್ಚ್ 1991’ ಅಂತ ಹುಡುಕಿದೆ. ಇವರ ಅತಿ ಪ್ರಸಿದ್ಧ ಪೇಪರ್ ಬಂದದ್ದು 1991ರಲ್ಲಿ. ಸಿಕ್ಕಿದ್ದು ಸಾವಿರಾರು ಸಾಲು, ಬಹುಪಾಲು ತಿಂಗಳು. ಆ ತಿಂಗಳಲ್ಲಿ ಸಭೆ ನಡೆಯಿತು, ಈ ತಿಂಗಳಲ್ಲಿ ಸಮೀಕ್ಷೆ ಮಾಡಿದೆವು. ನಮ್ಮೂರಲ್ಲಿ ಶ್ರಾವಣ ಅಂತ ಹೆಸರಿಟ್ಟುಕೊಂಡವರ ಪಾಡೂ ಇದೇ ಇರಬೇಕು.

ಹೆಸರು ನಂಬಿ ಕೆಲಸ ಮಾಡಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ. ಕೈಯಲ್ಲಿ ಖಚಿತವಾಗಿ ಗೊತ್ತಿರುವ ಕೃತಿಗಳಿಂದ ಶುರು ಮಾಡಿ, ಅವುಗಳ ಡಿಒಐ (ಪ್ರತಿ ಪ್ರಕಟಣೆಗೂ ಕೊಡುವ ಕಾಯಂ ಗುರುತು ಸಂಖ್ಯೆ) ಕೊಟ್ಟು, ಆ ದಾಖಲೆಗೆ ಅಂಟಿರುವ ಲೇಖಕರ ಗುರುತು ಸಂಖ್ಯೆ ಹಿಡಿದು, ಅಲ್ಲಿಂದ ಹೊರಕ್ಕೆ ಬರುವುದು. 1991ರ ಪೇಪರ್‌ನ ಡಿಒಐ ಒಂದು ಗೂಟ. 1972ರದ್ದು ಇನ್ನೊಂದು. 1993ರದ್ದು ಮತ್ತೊಂದು. ಮೂರು ಗೂಟಕ್ಕೂ ಒಂದೇ ಗುರುತು ಸಂಖ್ಯೆ ಬಂದರೆ ಹಗ್ಗ ಸರಿಯಾಗಿ ಕಟ್ಟಿದೆ ಅಂತ ಅರ್ಥ. ನನಗೆ ಬೇರೆ ಬೇರೆ ಸಂಖ್ಯೆ ಬಂತು. ಒಬ್ಬರೇ ಮನುಷ್ಯರನ್ನು ಯಂತ್ರ ತುಂಡು ಮಾಡಿ ಇಟ್ಟಿತ್ತು. ತುಂಡುಗಳನ್ನೆಲ್ಲ ಒಂದು ಶೀಟ್‌ನಲ್ಲಿ ಬರೆದುಕೊಂಡು, ಕೊನೆಯಲ್ಲಿ ‘ನನ್ನ ತೀರ್ಪು’ ಅಂತ ಒಂದು ಕಾಲಂ ಸೇರಿಸಿದೆ: ಇವರೇ, ಇವರಲ್ಲ, ನೋಡಬೇಕು. ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅಂದರೆ ಈ ಕಾಲಂ.

ಒಂದು ಸಂಗತಿ ಇಲ್ಲೇ ಹೇಳಬೇಕು. ಕೆಮಿಸ್ಟ್ರಿ ಪುಸ್ತಕ ತೆಗೆದ ಕೂಡಲೇ ಒಟ್ಟು ಉಲ್ಲೇಖದ ಸಂಖ್ಯೆ ಧಡಾರನೆ ಕುಸಿಯಿತು. ಎಚ್-ಇಂಡೆಕ್ಸ್ ಮಿಸುಕಾಡಲಿಲ್ಲ. ಯಾಕೆ ಅಂದರೆ ಒಂದು ಕೃತಿ ತೆಗೆದರೆ ಎಚ್ ಹೆಚ್ಚೆಂದರೆ ಒಂದು ಇಳಿಯಬಹುದು, ಅಷ್ಟೇ.

ಈ ಎಚ್ ಅನ್ನು 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ತಂದರು. ಲೆಕ್ಕ ಸುಲಭ: ಎಷ್ಟು ಪೇಪರ್‌ಗೆ ಕನಿಷ್ಠ ಅಷ್ಟೇ ಉಲ್ಲೇಖ ಇದೆಯೋ ಆ ಸಂಖ್ಯೆಯೇ ಎಚ್. ಒಬ್ಬರ ಆರು ಪೇಪರ್‌ಗೆ 50, 20, 9, 5, 4, 1 ಉಲ್ಲೇಖ ಇದೆ ಅಂದುಕೊಳ್ಳಿ. ನಾಲ್ಕನೆಯದಕ್ಕೆ ಕನಿಷ್ಠ 4 ಇದೆಯಾ? 5 ಇದೆ, ಸರಿ. ಐದನೆಯದಕ್ಕೆ ಕನಿಷ್ಠ 5 ಇದೆಯಾ? ಇಲ್ಲ, 4 ಇದೆ. ಹಾಗಾದರೆ ಎಚ್ 4. ಈಗ ಮೊದಲ ಪೇಪರ್‌ನ 50 ಅನ್ನು 50,000 ಮಾಡಿ. ಆಗಲೂ ಎಚ್ 4. ತಪ್ಪು ದಾಖಲೆಯೊಂದು ನುಗ್ಗಿದರೆ ಈ ಗುಣ ನಮ್ಮನ್ನು ಕಾಪಾಡುತ್ತದೆ. ಆದರೆ ಮಾರ್ಚ್ ಥರದವರ ವಿಷಯದಲ್ಲಿ ಇದೇ ಗುಣ ಮೋಸ ಮಾಡುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಅವರ ಎರಡು ಮೂರು ಕೃತಿಗೆ ತಲಾ ಹತ್ತಾರು ಸಾವಿರ ಉಲ್ಲೇಖ ಇದೆ. ಆ ಗುಡ್ಡಗಳು ಎಚ್‌ಗೆ ಕಾಣುವುದೇ ಇಲ್ಲ.

ಎರಡನೇ ಶನಿವಾರ

ಪುಸ್ತಕಗಳ ದಿನ. ಅವತ್ತು ಜಾಸ್ತಿ ಬೈದುಕೊಂಡೆ.

ಮಾರ್ಚ್ ಅವರ ಹೆಸರು ನಿಂತಿರುವುದು ಪೇಪರ್‌ಗಳಷ್ಟೇ ಪುಸ್ತಕಗಳ ಮೇಲೆ. ಕಾರ್ನೆಗಿಯ ಸಹೋದ್ಯೋಗಿ ಹರ್ಬರ್ಟ್ ಸೈಮನ್ ಜೊತೆ 1958ರ ‘ಆರ್ಗನೈಸೇಷನ್ಸ್’. ಅಲ್ಲಿನವರೇ ಆದ ರಿಚರ್ಡ್ ಸೈಯರ್ಟ್ ಜೊತೆ 1963ರ ‘ಎ ಬಿಹೇವಿಯರಲ್ ಥಿಯರಿ ಆಫ್ ದ ಫರ್ಮ್’. ಆ ಕಾಲದ ಪುಸ್ತಕಕ್ಕೆ ಡಿಒಐ ಎಲ್ಲಿಂದ ಬರಬೇಕು? ಎರಡಕ್ಕೂ ಸುಮಾರು ಮೂವತ್ತು-ಮೂವತ್ತೈದು ವರ್ಷದ ನಂತರ ಎರಡನೇ ಮುದ್ರಣ ಬಂತು: ಒಂದಕ್ಕೆ 1993, ಇನ್ನೊಂದಕ್ಕೆ 1992. ಉಲ್ಲೇಖಿಸುವವರು ಕೆಲವರು ಹಳೆಯ ವರ್ಷ ಬರೆಯುತ್ತಾರೆ, ಕೆಲವರು ಹೊಸದು. ಒಂದೇ ಪುಸ್ತಕ, ಹಲವು ದಾಖಲೆ. ಪುಸ್ತಕದ ವಿಮರ್ಶೆಗಳು ಕೂಡ ಅದೇ ಶೀರ್ಷಿಕೆ ಹೊತ್ತುಕೊಂಡು ಬಂದು ಪುಸ್ತಕದಂತೆ ಕೂತಿರುತ್ತವೆ. ಡಿಒಐ ಇದ್ದದ್ದನ್ನು ಮಾತ್ರ ಎಣಿಸಿದರೆ ಕೆಲಸ ಸಲೀಸು. ಆದರೆ ಮನೆಯ ತೊಲೆಗಳನ್ನೇ ಬಿಟ್ಟು ಕಿಟಕಿ ಎಣಿಸಿದ ಹಾಗೆ.

ಸೇರಿಸಲು ಒಂದು ನಿಯಮ ಬರೆದೆ. ಶೀರ್ಷಿಕೆ ಎಲ್ಲ ಸಣ್ಣಕ್ಷರ ಮಾಡು, ಚಿಹ್ನೆ ತೆಗೆ, ಕೋಲನ್ ನಂತರದ ಉಪಶೀರ್ಷಿಕೆ ಕತ್ತರಿಸು, ಉಳಿದದ್ದು ಒಂದೇ ಆದರೆ ಒಟ್ಟುಗೂಡಿಸು. ಓಡಿಸಿದೆ. ‘ಆರ್ಗನೈಸೇಷನ್ಸ್’ ಸಂಖ್ಯೆ ಚೆನ್ನಾಗಿ ಉಬ್ಬಿತು. ತುಸು ಜಾಸ್ತಿಯೇ ಉಬ್ಬಿತು. ಬಿಚ್ಚಿ ನೋಡಿದರೆ ಒಳಗೆ ಡಬ್ಲ್ಯೂ. ರಿಚರ್ಡ್ ಸ್ಕಾಟ್ ಕೂತಿದ್ದಾರೆ. ಅವರ ಪುಸ್ತಕದ ಹೆಸರು ‘ಆರ್ಗನೈಸೇಷನ್ಸ್: ರ‍್ಯಾಷನಲ್, ನ್ಯಾಚುರಲ್ ಅಂಡ್ ಓಪನ್ ಸಿಸ್ಟಮ್ಸ್’. ಕೋಲನ್‌ನಿಂದ ಆಚೆ ನನ್ನ ಕೋಡ್ ಕತ್ತರಿಸಿ ಬಿಸಾಕಿದೆ. ಉಳಿದದ್ದು ‘ಆರ್ಗನೈಸೇಷನ್ಸ್’. ಅವರೂ ಸ್ಟ್ಯಾನ್‌ಫರ್ಡ್‌ನವರೇ, ಹಾಗಾಗಿ ಸಂಸ್ಥೆ ನೋಡಿ ತಾಳೆ ಹಾಕಿದರೂ ಸಿಕ್ಕಿಬೀಳುತ್ತಿರಲಿಲ್ಲ. ಉಪಶೀರ್ಷಿಕೆ ಕತ್ತರಿಸುವ ಸಾಲನ್ನು ಅಳಿಸಿದೆ. ಶೀರ್ಷಿಕೆಯ ಜೊತೆ ಲೇಖಕರ ಮನೆತನದ ಹೆಸರುಗಳೂ ಹೊಂದಿದರೆ ಮಾತ್ರ ಸೇರಿಸು ಅಂತ ಬದಲಾಯಿಸಿದೆ. ಇನ್ನೂ ಅನುಮಾನ ಇದ್ದದ್ದನ್ನು ಕೈಯಲ್ಲೇ ಮಾಡಿದೆ. ಕೈಯಲ್ಲಿ ಮಾಡುವುದು ನಾಚಿಕೆಯ ವಿಷಯವಲ್ಲ. ಒಬ್ಬರದೇ ಕೃತಿಗಳಿಗೆ ಅದೇ ವೇಗ.

ಸುಮ್ನೆ ಒಂದು ಮಾತು. ಗ್ರಂಥಾಲಯದ ಕೆಲಸಕ್ಕೆ ಗಣಿತ ಹಚ್ಚುವ ಈ ಹುಚ್ಚಿಗೆ ನಮ್ಮಲ್ಲೇ ಹಳೆಯ ಬೇರಿದೆ. ಭಾರತದ ಗ್ರಂಥಾಲಯ ವಿಜ್ಞಾನದ ಹಿರಿಯರಾದ ಎಸ್. ಆರ್. ರಂಗನಾಥನ್ 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ಮಾತಾಡುತ್ತಾ ಇದಕ್ಕೆ ‘ಲೈಬ್ರಮೆಟ್ರಿ’ ಎಂದು ಹೆಸರಿಟ್ಟರು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಡಿಆರ್‌ಟಿಸಿ ಇವತ್ತಿಗೂ ಮೈಸೂರು ರಸ್ತೆಯಲ್ಲಿದೆ. ಬಸ್ಸಿನಲ್ಲಿ ಆ ಕಡೆ ಹೋಗುವಾಗೆಲ್ಲ ಕಿಟಕಿಯಿಂದ ಒಮ್ಮೆ ನೋಡುತ್ತೇನೆ.

ಮೂರನೇ ಶನಿವಾರ

ಜೊತೆ ಬರೆದವರ ಜಾಲ. ಪ್ರತಿ ಲೇಖಕರಿಗೂ ಒಂದು ಚುಕ್ಕಿ, ಇಬ್ಬರು ಸೇರಿ ಬರೆದಿದ್ದರೆ ನಡುವೆ ಗೆರೆ, ಎಷ್ಟು ಸಲ ಬರೆದರೋ ಅಷ್ಟು ದಪ್ಪ. ನೆಟ್‌ವರ್ಕ್‌ಎಕ್ಸ್‌ನಲ್ಲಿ ಇದು ಹತ್ತು ಸಾಲಿನ ಕೆಲಸ.

ಚಿತ್ರ ಬಂದಾಗ ಎರಡು ಹೆಸರು ಕಣ್ಣಿಗೆ ಚುಚ್ಚಿದವು. ಒಂದು, ಆರ್ಥರ್ ಸ್ಟಿಂಚ್‌ಕೂಂಬ್. ಇನ್ನೊಂದು, ಎಡ್ವರ್ಡ್ ಫೈಗೆನ್‌ಬಾಮ್. ಮೊದಲನೆಯವರು ದೊಡ್ಡ ಸಮಾಜಶಾಸ್ತ್ರಜ್ಞರು, ಮಾರ್ಚ್ ಜೊತೆ ಬರೆದಿರಬಹುದು ಅನ್ನಿಸಿತು. ಎರಡನೆಯವರು ಕೃತಕ ಬುದ್ಧಿಮತ್ತೆಯ ಹಿರಿಯರು, 1994ರಲ್ಲಿ ರಾಜ್ ರೆಡ್ಡಿ ಜೊತೆ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡವರು. ಅವರಿಗೂ ಕಚೇರಿಗಳ ಅಧ್ಯಯನಕ್ಕೂ ಏನು ಸಂಬಂಧ? ಇದು ಖಂಡಿತ ಕೆಮಿಸ್ಟ್ರಿ ಥರದ ಗಲಾಟೆ ಅಂತ ಅಳಿಸಲು ಹೊರಟೆ.

ನನ್ನ ಎರಡೂ ಊಹೆ ತಲೆಕೆಳಗು.

ಸ್ಟಿಂಚ್‌ಕೂಂಬ್ ಅವರ ಪ್ರಸಿದ್ಧ ಅಧ್ಯಾಯ ‘ಸೋಷಿಯಲ್ ಸ್ಟ್ರಕ್ಚರ್ ಅಂಡ್ ಆರ್ಗನೈಸೇಷನ್ಸ್’ ಇರುವುದು 1965ರ ‘ಹ್ಯಾಂಡ್‌ಬುಕ್ ಆಫ್ ಆರ್ಗನೈಸೇಷನ್ಸ್’ನಲ್ಲಿ. ಅದರ ಸಂಪಾದಕರು ಮಾರ್ಚ್. ದಾಖಲೆಯಲ್ಲಿ ಸಂಪಾದಕರ ಹೆಸರೂ ಲೇಖಕರ ಸಾಲಿನಲ್ಲಿ ಕೂತಿತ್ತು. ಹೀಗಾದರೆ ಮಾರ್ಚ್ ಅವರಿಗೆ ಬರೆಯದ ಅಧ್ಯಾಯದ ಉಲ್ಲೇಖ ಧರ್ಮಕ್ಕೆ ಸಿಗುತ್ತದೆ. ಆ ಪುಸ್ತಕದಲ್ಲಿ ಬರೆದವರೆಲ್ಲ ಜೊತೆಗಾರರಾಗುತ್ತಾರೆ. ಮದುವೆ ಮನೆಯಲ್ಲಿ ಊಟ ಮಾಡಿದವರೆಲ್ಲ ಬೀಗರಲ್ಲ ತಾನೇ. ಆ ಗೆರೆ ತೆಗೆದೆ.

ಫೈಗೆನ್‌ಬಾಮ್ ಗೆರೆ ಮಾತ್ರ ನಿಜ. ಅವರು ಕಾರ್ನೆಗಿಯಲ್ಲಿ ಸೈಮನ್ ಶಿಷ್ಯರು. 1959ರಲ್ಲಿ ಸೈಯರ್ಟ್, ಫೈಗೆನ್‌ಬಾಮ್, ಮಾರ್ಚ್ ಮೂವರೂ ಸೇರಿ ಕಂಪನಿಯ ನಡವಳಿಕೆಯ ಮಾದರಿಗಳ ಬಗ್ಗೆ ಒಂದು ಪೇಪರ್ ಬರೆದಿದ್ದಾರೆ. ನನ್ನ ‘ಇದು ಹೊಂದುವುದಿಲ್ಲ’ ಅನ್ನುವ ಬುದ್ಧಿಯನ್ನೇ ನಂಬಿದ್ದರೆ ಜಾಲದಲ್ಲಿ ಅತಿ ರುಚಿಯಾದ ಗೆರೆಯೊಂದು ಹೋಗುತ್ತಿತ್ತು. ಆವತ್ತಿನ ಕಾರ್ನೆಗಿಯಲ್ಲಿ ಕಂಪ್ಯೂಟರ್, ಅರ್ಥಶಾಸ್ತ್ರ, ಆಡಳಿತ ಎಲ್ಲ ಒಂದೇ ಕಾರಿಡಾರಿನ ವ್ಯವಹಾರ ಅನ್ನುವುದನ್ನು ಈ ಒಂದು ಗೆರೆ ಹೇಳುತ್ತದೆ.

ಆಮೇಲೆ ಹೆರಾಲ್ಡ್ ಗೆಟ್ಸ್‌ಕೌ ಪ್ರಶ್ನೆ ಬಂತು. ‘ಆರ್ಗನೈಸೇಷನ್ಸ್’ ಪುಸ್ತಕದ ಶೀರ್ಷಿಕೆ ಪುಟದಲ್ಲಿ ಮಾರ್ಚ್ ಮತ್ತು ಸೈಮನ್, ಅದರ ಕೆಳಗೆ ಗೆಟ್ಸ್‌ಕೌ ಅವರ ಸಹಯೋಗದೊಂದಿಗೆ ಅಂತ ಇದೆ. ಇವರು ಲೇಖಕರೋ ಅಲ್ಲವೋ? ಜಗತ್ತು ‘ಮಾರ್ಚ್ ಮತ್ತು ಸೈಮನ್’ ಅಂತಲೇ ಉಲ್ಲೇಖಿಸುತ್ತದೆ. ಎಣಿಕೆಗೆ ನಾನೂ ಇಬ್ಬರನ್ನೇ ಇಟ್ಟೆ. ಜಾಲದಲ್ಲಿ ಮಾತ್ರ ಗೆಟ್ಸ್‌ಕೌಗೆ ಚುಕ್ಕಿ ಚುಕ್ಕಿಯ ಗೆರೆ ಎಳೆದೆ. ಅಕ್ಕನ ಮಗಳು "ಮಾಮ, ಇದಕ್ಕೆ ನಿಯಮ ಏನು?" ಅಂದಳು. ನಿಯಮ ಇಲ್ಲ ಕಣೇ, ನನ್ನ ತೀರ್ಪು, ಕಾಲಂನಲ್ಲಿ ಬರೆದಿದೆ ನೋಡು ಅಂದೆ.

ಇನ್ನೊಂದು ತಪ್ಪು ಹೆಚ್ಚು ಸೂಕ್ಷ್ಮ. ನಾನು ಮಾರ್ಚ್ ಅವರ ಕೃತಿಗಳನ್ನು ಮಾತ್ರ ಎಳೆದಿದ್ದೆ. ಹಾಗಾಗಿ ಚಿತ್ರದಲ್ಲಿ ಸೈಮನ್ ಮತ್ತು ಸೈಯರ್ಟ್ ನಡುವೆ ಗೆರೆಯೇ ಇಲ್ಲ, ಇಬ್ಬರಿಗೂ ಪರಿಚಯವೇ ಇಲ್ಲ ಅನ್ನುವ ಹಾಗೆ. ವಾಸ್ತವದಲ್ಲಿ ಸೈಯರ್ಟ್, ಸೈಮನ್, ಟ್ರೋ 1956ರಲ್ಲೇ ಸೇರಿ ಬರೆದಿದ್ದಾರೆ. ಒಬ್ಬರ ಪಟ್ಟಿಯಿಂದ ಜಾಲ ಕಟ್ಟಿದರೆ ಎಲ್ಲ ದಾರಿಯೂ ಅವರ ಮನೆಯಿಂದಲೇ ಹೋದಂತೆ ಕಾಣುತ್ತದೆ. ಪ್ರತಿ ಜೊತೆಗಾರರ ಕೃತಿಗಳನ್ನೂ ಎಳೆದು, ಅವರವರ ನಡುವಿನ ಗೆರೆ ಸೇರಿಸಿ, ಆಮೇಲೆ ಮಾರ್ಚ್ ಅವರನ್ನೇ ಚಿತ್ರದಿಂದ ಎತ್ತಿಟ್ಟು ನೋಡಿದೆ. ಆಗ ತುಂಡುಗಳು ಸ್ಪಷ್ಟವಾದವು. ಒಂದು ಕಡೆ ಕಾರ್ನೆಗಿ ಬಳಗ: ಸೈಮನ್, ಸೈಯರ್ಟ್, ಫೈಗೆನ್‌ಬಾಮ್. ಇನ್ನೊಂದು ಕಡೆ ಮೈಕೆಲ್ ಕೋಹೆನ್ ಮತ್ತು ನಾರ್ವೆಯ ಯೋಹಾನ್ ಓಲ್ಸೆನ್. 1972ರ ಗೂಟದ ಪೇಪರ್ ಇವರಿಬ್ಬರನ್ನು ಹಿಡಿದಿಟ್ಟಿದೆ.

ಗೆರೆಯ ದಪ್ಪ ನೋಡಿ ಮೋಸ ಹೋಗಬೇಡಿ. ನನ್ನ ಶೀಟ್‌ನಲ್ಲಿ ಓಲ್ಸೆನ್ ಗೆರೆ ಅತಿ ದಪ್ಪ. 1976, 1989, 1995ರ ಪುಸ್ತಕಗಳು, 1983, 1984, 1998ರ ಪೇಪರ್‌ಗಳು, ಜೊತೆಗೆ 1972ರದ್ದು. ಡೇನಿಯಲ್ ಲೆವಿಂಥಾಲ್ ಜೊತೆ 1981, 1985, 1993. ಸೈಮನ್ ಜೊತೆ ಇರುವುದು ಒಂದು ಎಳೆ, 1958ರ ಪುಸ್ತಕ. ಆ ಒಂದು ಎಳೆಯ ಮೇಲೆ ಒಂದು ಶಾಸ್ತ್ರವೇ ನೇತಾಡುತ್ತಿದೆ.

ಶೀಟ್ ನೋಡುತ್ತಾ ಕೂತಿದ್ದಾಗ ಒಂದು ವಿಚಿತ್ರ ಹೊಳೆಯಿತು. ಸೈಯರ್ಟ್-ಮಾರ್ಚ್. ಕೋಹೆನ್-ಮಾರ್ಚ್-ಓಲ್ಸೆನ್. ಫೆಲ್ಡ್‌ಮನ್-ಮಾರ್ಚ್. ಲೆವಿಟ್-ಮಾರ್ಚ್. ಮಾರ್ಚ್-ಶಪೀರ. ಮಾರ್ಚ್-ಸ್ಪ್ರೌಲ್-ತಮೂಜ್. ಹೆರಿಯಟ್-ಲೆವಿಂಥಾಲ್-ಮಾರ್ಚ್. ನನ್ನ ಪಟ್ಟಿಯಲ್ಲಿ ಇದ್ದದ್ದೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಕ್ರಮ! ಯಾರು ಜಾಸ್ತಿ ಮಾಡಿದರು ಅನ್ನುವುದು ಈ ಸಾಲಿನಿಂದ ಗೊತ್ತಾಗುವುದೇ ಇಲ್ಲ. ಇದರ ಪರಿಣಾಮ ಸಣ್ಣದಲ್ಲ. ಹಳೆಯ ಅಚ್ಚಿನ ಸೈಟೇಶನ್ ಇಂಡೆಕ್ಸ್‌ಗಳಲ್ಲಿ ಉಲ್ಲೇಖಗೊಂಡ ಕೃತಿಯನ್ನು ಮೊದಲ ಲೇಖಕರ ಹೆಸರಿನಡಿ ಮಾತ್ರ ಹಾಕುತ್ತಿದ್ದರು. ಆ ಲೆಕ್ಕದಲ್ಲಿ 1958ರ ಪುಸ್ತಕ ಪೂರ್ತಿ ಮಾರ್ಚ್ ಪಾಲಿಗೆ, ಸೈಮನ್‌ಗೆ ಸೊನ್ನೆ. 1963ರದ್ದು ಪೂರ್ತಿ ಸೈಯರ್ಟ್ ಪಾಲಿಗೆ, ಮಾರ್ಚ್‌ಗೆ ಸೊನ್ನೆ. ಪಾಪ ಓಲ್ಸೆನ್‌ಗೆ ಮಾರ್ಚ್ ಜೊತೆ ಬರೆದ ಯಾವುದರಲ್ಲೂ ಏನೂ ಸಿಗುವುದಿಲ್ಲ.

ನಾನು ಪಾಲು ಹಾಕುವ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟೆ. ಇಬ್ಬರು ಬರೆದಿದ್ದರೆ ಅರ್ಧ, ಮೂವರಾದರೆ ಮೂರನೇ ಒಂದು. ಒಬ್ಬರೇ ಬರೆದ 1991ರ ಪೇಪರ್ ಪೂರ್ತಿ ಅವರದ್ದು. ಈ ಲೆಕ್ಕದಲ್ಲಿ ಅದು ಮೇಲೆ ಜಿಗಿಯುತ್ತದೆ.

ಕೊನೆಯ ಶನಿವಾರ

ಬೇಗ ಮುಗಿಯಿತು. ಸ್ವಂತ ಉಲ್ಲೇಖ ತೆಗೆಯಬೇಕಿತ್ತು. ಮಾರ್ಚ್ ತಮ್ಮನ್ನೇ ಉಲ್ಲೇಖಿಸಿದ್ದನ್ನು ಬಿಟ್ಟೆ. ಓಲ್ಸೆನ್ ತಾವೊಬ್ಬರೇ ಬರೆದು ಇಬ್ಬರ ಕೃತಿ ಉಲ್ಲೇಖಿಸಿದ್ದರೆ ಉಳಿಸಿಕೊಂಡೆ, ಬಣ್ಣ ಬೇರೆ ಮಾಡಿದೆ.

ವರ್ಷವಾರು ಗೆರೆ ಎಳೆದರೆ ಮೇಲೆ ಮೇಲೆ ಹೋಗುತ್ತದೆ. ಅದನ್ನು ನೋಡಿ ಚಪ್ಪಾಳೆ ತಟ್ಟಬಾರದು. ಪ್ರಕಟವಾಗುವ ಪೇಪರ್‌ಗಳೇ ವರ್ಷದಿಂದ ವರ್ಷಕ್ಕೆ ಹೆಚ್ಚಾಗಿವೆ, ಹಳೆಯ ಸಂಚಿಕೆಗಳ ಉಲ್ಲೇಖ ಪಟ್ಟಿ ಎಷ್ಟೋ ಕಡೆ ಡಿಜಿಟಲ್ ಆಗಿಯೇ ಇಲ್ಲ. ಅದಕ್ಕೆ ಎರಡು ಪತ್ರಿಕೆ ಆರಿಸಿದೆ. 1956ರಲ್ಲಿ ಶುರುವಾದ ‘ಅಡ್ಮಿನಿಸ್ಟ್ರೇಟಿವ್ ಸೈನ್ಸ್ ಕ್ವಾರ್ಟರ್ಲಿ’, 1990ರಲ್ಲಿ ಶುರುವಾದ ‘ಆರ್ಗನೈಸೇಷನ್ ಸೈನ್ಸ್’. ಪ್ರತಿ ವರ್ಷ ಅವುಗಳಲ್ಲಿ ಬಂದ ನೂರು ಪೇಪರ್‌ಗೆ ಎಷ್ಟರಲ್ಲಿ ಮಾರ್ಚ್ ಇದ್ದಾರೆ ಅಂತ ನೋಡಿದೆ. ಏರು ಮೊದಲಿನಷ್ಟು ಕಡಿದಾಗಿ ಉಳಿಯಲಿಲ್ಲ. ಈ ಗೆರೆಯನ್ನು ನಾನು ನಂಬುತ್ತೇನೆ.

ಉಲ್ಲೇಖ ಅಂದರೆ ಹೊಗಳಿಕೆ ಅಂತಲೂ ಅಲ್ಲ. 1972ರ ಪೇಪರ್ ‘ಕಸದ ತೊಟ್ಟಿ ಮಾದರಿ’ಯದ್ದು. ವಿಶ್ವವಿದ್ಯಾಲಯದಂಥ ಕಡೆ ಸಮಸ್ಯೆ, ಪರಿಹಾರ, ಜನ, ತೀರ್ಮಾನದ ಸಂದರ್ಭ ಎಲ್ಲ ಒಂದೇ ತೊಟ್ಟಿಗೆ ಬೀಳುತ್ತವೆ, ಯಾವುದಕ್ಕೆ ಯಾವುದು ಅಂಟಿಕೊಂಡಿತೋ ಅದೇ ತೀರ್ಮಾನ ಅನ್ನುತ್ತದೆ ಅದು. ಸ್ಟಾಫ್ ಮೀಟಿಂಗ್‌ನಲ್ಲಿ ಕೂತವರಿಗೆ ವಿವರಣೆ ಬೇಡ. ಪೇಪರ್‌ನ ಕೊನೆಗೆ ಫೋರ್ಟ್ರಾನ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಕೋಡ್ ಸಹ ಇದೆ. 2001ರಲ್ಲಿ ಬೆಂಡರ್, ಮೋ, ಶಾಟ್ಸ್ ಎಂಬ ಮೂವರು ಆ ಕೋಡಿಗೂ ಮಾತಿನಲ್ಲಿ ಹೇಳಿದ ಸಿದ್ಧಾಂತಕ್ಕೂ ತಾಳೆಯಿಲ್ಲ ಅಂತ ಜಾಡಿಸಿ ಬರೆದರು. ಅವರಲ್ಲಿ ಇಬ್ಬರು ಆಗ ಸ್ಟ್ಯಾನ್‌ಫರ್ಡ್‌ನವರೇ. ಅದೂ ನನ್ನ ಶೀಟ್‌ನಲ್ಲಿ ಒಂದು ಉಲ್ಲೇಖ, ಪರಿಚಯದ ಪ್ಯಾರಾದಲ್ಲಿ ಆವರಣದೊಳಗೆ ಹೆಸರು ಹಾಕಿ ಮುಂದೆ ಹೋದವರದೂ ಒಂದು ಉಲ್ಲೇಖ. ಎರಡರ ತೂಕವೂ ಒಂದೇ.

ಕೊನೆಗೆ ಕೊಟ್ಟದ್ದು ಒಂದು ಸಂಖ್ಯೆಯಲ್ಲ. ಎರಡು ಮೂಲದ ಎಚ್, ಪುಸ್ತಕ ಸೇರಿಸಿ ಒಮ್ಮೆ ಬಿಟ್ಟು ಒಮ್ಮೆ, ಪಾಲು ಹಾಕಿದ ಲೆಕ್ಕ, ಮಾರ್ಚ್ ಇರುವ ಮತ್ತು ಇಲ್ಲದ ಎರಡು ಜಾಲ, ಮೇಲ್ಗಡೆ ದತ್ತಾಂಶ ಎಳೆದ ತಾರೀಖು. ತೀರ್ಪಿನ ಶೀಟ್ ಬೇರೆ ಫೈಲು. ಅವಳು ಎಲ್ಲ ನೋಡಿ, "ಗೈಡ್ ಒಂದು ನಂಬರ್ ಕೇಳಿದ್ರು ಮಾಮ" ಅಂದಳು. ಯಾವುದನ್ನು ಕೊಟ್ಟಳೋ ನಾನು ಕೇಳಲಿಲ್ಲ.

ಮೊನ್ನೆ ಮತ್ತೆ ಫೋನ್. ಮುಂದಿನವರು ರಿಚರ್ಡ್ ಸ್ಕಾಟ್ ಅಂತೆ. ಡಬ್ಲ್ಯೂ. ಆರ್. ಸ್ಕಾಟ್, ಡಬ್ಲ್ಯೂ. ರಿಚರ್ಡ್ ಸ್ಕಾಟ್, ಬರೀ ರಿಚರ್ಡ್ ಸ್ಕಾಟ್. ಆ ಹೆಸರಿನವರು ಊರಿಗೊಬ್ಬರು ಇದ್ದಾರು. ಹೊಸ ಶೀಟ್ ತೆರೆದು ಈ ಸಲ ತೀರ್ಪಿನ ಕಾಲಂ ಮೊದಲೇ ಹಾಕಿಟ್ಟಿದ್ದೇನೆ.